ಗಾಲಿಯ ಮೇಲಿನ ಮನೆಯೂ, ನಾಮಫಲಕ ನೋಡಿ ಹೊರಡಿಸಿದ ಆದೇಶವೂ

ಸಾಂಕ್ರಾಮಿಕ ರೋಗದ ಕಾಲದಲ್ಲಿ ವ್ಯಾಪಾರ ಸಂಸ್ಥೆಗಳನ್ನು ಮುಚ್ಚಿಸಲು ಸರ್ಕಾರಗಳು ಹೊರಡಿಸುವ ಆದೇಶಗಳು ಸಾಮಾನ್ಯವಾಗಿ ಎರಡು ಪಟ್ಟಿಗಳ ರೂಪದಲ್ಲಿರುತ್ತವೆ. ಅತ್ಯಗತ್ಯವಾದುವು ಒಂದರಲ್ಲಿ, ಉಳಿದವು ಮತ್ತೊಂದರಲ್ಲಿ. ಒಂದು ಉದ್ದಿಮೆ ಯಾವ ಪಟ್ಟಿಗೆ ಸೇರಬೇಕೆಂಬುದನ್ನು ಅದರ ನಾಮಫಲಕ ನೋಡಿ ನಿರ್ಧರಿಸಬೇಕೇ, ಅಥವಾ ಅಲ್ಲಿ ನಡೆಯುವ ವ್ಯವಹಾರದ ನಿಜಸ್ವರೂಪವನ್ನು ನೋಡಿ ನಿರ್ಧರಿಸಬೇಕೇ? 2020ರ ವಸಂತದಲ್ಲಿ ಅಮೆರಿಕದ ಸಂಚಾರಿ ಮನೆಗಳ ನಿವಾಸಿಗಳೂ ಅವರಿಗೆ ಸ್ಥಳ ಒದಗಿಸುವ ಸಣ್ಣ ಉದ್ದಿಮೆದಾರರೂ ಅನುಭವಿಸಿದ ಸಂಕಷ್ಟವು ಈ ಪ್ರಶ್ನೆಯನ್ನು ಎಲ್ಲ ದೇಶಗಳ ವರ್ತಕರ ಮುಂದಿಟ್ಟಿದೆ.

ಅಡಿಗೆಮನೆ, ಮಲಗುವ ಸ್ಥಳ ಹಾಗೂ ಶೌಚಾಲಯಗಳನ್ನು ಒಳಗೊಂಡ ವಾಹನಗಳಿಗೆ ಅಮೆರಿಕದಲ್ಲಿ ‘ರಿಕ್ರಿಯೇಷನಲ್ ವೆಹಿಕಲ್’, ಸಂಕ್ಷೇಪವಾಗಿ ‘ಆರ್‌ವಿ’ ಎಂದು ಹೆಸರು. ಇವುಗಳಲ್ಲಿ ಬಹುಪಾಲು ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಪಟ್ಟಣದ ಸುತ್ತಮುತ್ತ ತಯಾರಾಗುತ್ತವೆ. ರಜೆಯ ವಿಹಾರಕ್ಕೆಂದು ಕೊಳ್ಳುವವರೇ ಹೆಚ್ಚಾದರೂ ವರ್ಷವಿಡೀ ಇವುಗಳಲ್ಲೇ ವಾಸಿಸುವವರೂ ಇದ್ದಾರೆ. ಮನೆ ಮಾರಿ ಹೊರಟ ನಿವೃತ್ತರು, ಕಾಮಗಾರಿಗಳನ್ನು ಹಿಂಬಾಲಿಸುವ ಕುಶಲಕರ್ಮಿಗಳು, ಅಲ್ಪಾವಧಿಯ ಗುತ್ತಿಗೆಯ ಮೇಲೆ ಊರೂರಿಗೆ ತೆರಳುವ ದಾದಿಯರು, ಮನೆ ಬಾಡಿಗೆ ಭರಿಸಲಾರದ ಬಡವರು ಈ ವರ್ಗಕ್ಕೆ ಸೇರುತ್ತಾರೆ. ಇಂಥವರ ಬದುಕನ್ನು ಕುರಿತು ಜೆಸಿಕಾ ಬ್ರೂಡರ್ 2017ರಲ್ಲಿ ಪ್ರಕಟಿಸಿದ ‘ನೋಮ್ಯಾಡ್‌ಲ್ಯಾಂಡ್’ ಕೃತಿಯನ್ನು ಆಧರಿಸಿದ ಚಿತ್ರವು 2021ರಲ್ಲಿ ಅತ್ಯುತ್ತಮ ಚಿತ್ರಕ್ಕಾಗಿ ಆಸ್ಕರ್ ಪ್ರಶಸ್ತಿ ಪಡೆಯಿತು.

ಗಾಲಿಗಳಿವೆ ಎಂದ ಮಾತ್ರಕ್ಕೆ ಇಂತಹ ಮನೆ ಎಲ್ಲಿ ಬೇಕಾದರೂ ನಿಲ್ಲಲಾರದು. ಶುದ್ಧ ನೀರು, ಸ್ನಾನ ಹಾಗೂ ಪಾತ್ರೆ ತೊಳೆದ ನೀರು, ಶೌಚದ ಮಲಿನ ಇವುಗಳಿಗೆ ಅದರಲ್ಲಿ ಪ್ರತ್ಯೇಕ ತೊಟ್ಟಿಗಳಿರುತ್ತವೆ. ಸಾಧಾರಣ ಬಳಕೆಯಲ್ಲಿ ಒಂದೆರಡು ವಾರಗಳಿಗೊಮ್ಮೆ ಮಲಿನದ ತೊಟ್ಟಿಯನ್ನು ಅದಕ್ಕೆಂದೇ ಇರುವ ಸ್ಥಳದಲ್ಲಿ ಬರಿದು ಮಾಡಲೇಬೇಕು, ನೀರು ತುಂಬಬೇಕು, ಒಲೆಗೆ ಅನಿಲ ಹಾಕಿಸಬೇಕು. ಸರ್ಕಾರಿ ಭೂಮಿಯಲ್ಲಿ ಉಚಿತವಾಗಿ ತಂಗಲು ಅವಕಾಶವಿರುವ ಕಡೆಗಳಲ್ಲಿಯೂ ಸಾಮಾನ್ಯವಾಗಿ 14 ದಿನಗಳ ಮಿತಿಯಿದೆ. ಹೀಗಾಗಿ ವಿದ್ಯುತ್, ನೀರು ಮತ್ತು ಚರಂಡಿ ಸಂಪರ್ಕಗಳನ್ನು ಬಾಡಿಗೆಗೆ ಒದಗಿಸುವ ‘ಕ್ಯಾಂಪ್‌ಗ್ರೌಂಡ್’ಗಳೇ ಈ ಜನರ ಪಾಲಿಗೆ ಬೀದಿಯೂ ಹೌದು, ಬಡಾವಣೆಯೂ ಹೌದು.

2020ರ ಮಾರ್ಚ್‌ನಲ್ಲಿ ಈ ತಾಣಗಳು ಒಂದರ ಹಿಂದೊಂದರಂತೆ ಮುಚ್ಚಿದವು. ಕ್ಯಾಲಿಫೋರ್ನಿಯಾ ತನ್ನ ರಾಜ್ಯ ಉದ್ಯಾನಗಳ ಕ್ಯಾಂಪ್‌ಗ್ರೌಂಡ್‌ಗಳನ್ನು ಮುಚ್ಚುವುದಾಗಿ 17ರಂದು ಪ್ರಕಟಿಸಿತು. ಎರಡೇ ದಿನಗಳಲ್ಲಿ, ಅಂದರೆ 19ರಂದು, ಜನರೆಲ್ಲರೂ ತಮ್ಮ ವಾಸಸ್ಥಳದಲ್ಲಿಯೇ ಇರಬೇಕೆಂಬ ಆದೇಶ ಅದೇ ರಾಜ್ಯದಲ್ಲಿ ಹೊರಬಿತ್ತು. ಫ್ಲಾರಿಡಾ ರಾಜ್ಯದ ದಕ್ಷಿಣ ತುದಿಯ ಕೀಸ್ ದ್ವೀಪಗಳು 22ರಂದು ಹೊರಗಿನವರಿಗೆ ಮುಚ್ಚಿದವು; ಅವು ಮತ್ತೆ ತೆರೆದದ್ದು ಜೂನ್ 1ರಂದು. ಫ್ಲಾರಿಡಾದ ರಾಜ್ಯ ಉದ್ಯಾನಗಳು 23ರಂದು, ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನ 24ರಂದು ಬಾಗಿಲು ಹಾಕಿದವು.

ಕಾಲವೂ ಪ್ರತಿಕೂಲವಾಗಿತ್ತು. ಚಳಿಗಾಲವನ್ನು ಅರಿಜೋನಾ, ಟೆಕ್ಸಾಸ್, ಫ್ಲಾರಿಡಾಗಳಲ್ಲಿ ಕಳೆದ ಸಂಚಾರಿ ನಿವಾಸಿಗಳು ಬಿಸಿಲೇರುವ ಮುನ್ನ ಉತ್ತರಕ್ಕೆ ಹೊರಡುವುದು ಇದೇ ಸಮಯದಲ್ಲಿ. ಬೇಸಿಗೆಯಲ್ಲಿ ಉದ್ಯಾನಗಳ ಮೇಲ್ವಿಚಾರಣೆ ಮಾಡಿ, ಅದಕ್ಕೆ ಪ್ರತಿಯಾಗಿ ವಾಹನ ನಿಲ್ಲಿಸಲು ಸ್ಥಳ ಪಡೆಯುತ್ತಿದ್ದವರು ಕೆಲಸವನ್ನೂ ನೆಲೆಯನ್ನೂ ಏಕಕಾಲಕ್ಕೆ ಕಳೆದುಕೊಳ್ಳುವ ಸ್ಥಿತಿ ಉಂಟಾಯಿತು. ‘ಮನೆಯಲ್ಲಿಯೇ ಇರಿ’ ಎಂಬ ಆಜ್ಞೆ ಮತ್ತು ‘ಸ್ಥಳ ಖಾಲಿ ಮಾಡಿ’ ಎಂಬ ಆಜ್ಞೆ ಒಂದೇ ಕುಟುಂಬದ ಮೇಲೆ ಒಟ್ಟಿಗೆ ಬಂದರೆ ಅದು ಯಾವುದನ್ನು ಪಾಲಿಸಬೇಕು?

ಆಡಳಿತಗಳಿಗೆ ಕಾರಣಗಳಿರಲಿಲ್ಲವೆಂದಲ್ಲ. ಯೂಟಾ ರಾಜ್ಯದ ಮೋಆಬ್ ಪಟ್ಟಣದ ಆಸ್ಪತ್ರೆಯಲ್ಲಿ ಇದ್ದದ್ದು 17 ಹಾಸಿಗೆಗಳು. ವಸಂತದಲ್ಲಿ ಅಲ್ಲಿಗೆ ಬರುವ ಪ್ರವಾಸಿಗರ ಸಂಖ್ಯೆಯ ಮುಂದೆ ಆ ವ್ಯವಸ್ಥೆ ಏನೇನೂ ಸಾಲದೆಂಬುದನ್ನು ಮನಗಂಡು ಪ್ರಾದೇಶಿಕ ಆರೋಗ್ಯ ಇಲಾಖೆಯು ಮಾರ್ಚ್ ಮಧ್ಯಭಾಗದಲ್ಲಿಯೇ ಹೊರಗಿನವರ ತಂಗುವಿಕೆಯನ್ನು ನಿಷೇಧಿಸಿತು. ವಿಹಾರಾರ್ಥಿಗಳ ಮಟ್ಟಿಗೆ ಈ ಕ್ರಮ ಸಮರ್ಥನೀಯ. ವಿಹಾರಾರ್ಥಿಗೆ ಹಿಂತಿರುಗಲು ಮನೆಯಿದೆ. ಆದರೆ ಬೇರೆ ಮನೆಯೇ ಇಲ್ಲದವನನ್ನು ಹೊರಡಿಸಿದರೆ ಆತ ನೆಲೆ ಹುಡುಕುತ್ತಾ ಊರಿಂದೂರಿಗೆ ಅಲೆಯಬೇಕಾಗುತ್ತದೆ. ಸಂಚಾರವನ್ನು ತಡೆಯಲೆಂದು ಹೊರಡಿಸಿದ ಆದೇಶವೇ ಸಂಚಾರಕ್ಕೆ ಕಾರಣವಾಗುತ್ತದೆ.

ಈ ಗೊಂದಲದ ಮೂಲ ಕಾನೂನಿನ ವ್ಯಾಖ್ಯೆಗಳಲ್ಲಿದೆ. ಅಮೆರಿಕದ ಕೇಂದ್ರ ಆದಾಯ ತೆರಿಗೆ ನಿಯಮಗಳ ಪ್ರಕಾರ, ಮಲಗುವ, ಅಡಿಗೆ ಮಾಡುವ ಹಾಗೂ ಶೌಚದ ಸೌಕರ್ಯವುಳ್ಳ ಸಂಚಾರಿ ವಸತಿಯು ಸಾಲದ ಬಡ್ಡಿಯ ವಿನಾಯಿತಿಗೆ ‘ಮನೆ’ ಎನಿಸಿಕೊಳ್ಳಬಲ್ಲದು. ಆದರೆ ಬಾಡಿಗೆದಾರರ ತೆರವನ್ನು ತಡೆಯಲು ರೋಗ ನಿಯಂತ್ರಣ ಕೇಂದ್ರವು 2020ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಆದೇಶವು ಮೊಬೈಲ್ ಹೋಮ್ ಉದ್ಯಾನಗಳ ನಿವೇಶನಗಳನ್ನು ಹೆಸರಿಸಿ ರಕ್ಷಿಸಿತು. ತಾತ್ಕಾಲಿಕ ಅತಿಥಿಗಳಿಗೆ ಹಾಗೂ ಋತುಮಾನದ ಬಾಡಿಗೆದಾರರಿಗೆ ನೀಡುವ ವಸತಿಗೃಹಗಳನ್ನು ಹೊರಗಿಟ್ಟಿತು. ಕ್ಯಾಂಪ್‌ಗ್ರೌಂಡ್‌ನಲ್ಲಿ ತಿಂಗಳ ಬಾಡಿಗೆಗೆ ನಿಂತ ಆರ್‌ವಿ ಈ ಎರಡರಲ್ಲಿ ಯಾವುದಕ್ಕೆ ಸೇರುತ್ತದೆಂಬುದು ವಾದಕ್ಕೆ ಬಿಟ್ಟ ವಿಷಯವಾಯಿತು. ತೆರಿಗೆಯ ಕಣ್ಣಿಗೆ ಮನೆ, ಉದ್ಯಾನ ಇಲಾಖೆಯ ಕಣ್ಣಿಗೆ ವಿಹಾರದ ಸಾಧನ! ಎತ್ತು ಏರಿಗೆ, ಕೋಣ ನೀರಿಗೆ ಎಳೆದಂತಾದಾಗ ಬಂಡಿಯಲ್ಲಿ ಕುಳಿತವನ ಗತಿ ಏನೆಂಬುದನ್ನು ಹೇಳಬೇಕಾಗಿಲ್ಲ.

ಖಾಸಗಿ ಕ್ಯಾಂಪ್‌ಗ್ರೌಂಡ್‌ಗಳ ಪೈಕಿ ಕುಟುಂಬಗಳೇ ನಡೆಸುವ ಸಣ್ಣ ಉದ್ದಿಮೆಗಳು ಬಹಳ. ದಿನದ ಬಾಡಿಗೆ ನಿಂತರೂ ಅವುಗಳಿಗೆ ಆಸ್ತಿ ತೆರಿಗೆ, ವಿಮೆ, ಸಾಲದ ಕಂತುಗಳು ನಿಲ್ಲುವುದಿಲ್ಲ. ಮುಂಗಡ ಪಡೆದ ಹಣವನ್ನು ಹಿಂದಿರುಗಿಸುವ ಹೊರೆಯೂ ಸೇರುತ್ತದೆ. ಇಂತಹ ವೇಳೆಯಲ್ಲಿ ತಿಂಗಳ ಬಾಡಿಗೆಯ ನಿವಾಸಿಯನ್ನು ಉಳಿಸಿಕೊಳ್ಳಲು ಅವಕಾಶ ದೊರೆತರೆ ಮಾಲೀಕನಿಗೆ ಅಲ್ಪಸ್ವಲ್ಪ ಆದಾಯವೂ, ನಿವಾಸಿಗೆ ನೆಲೆಯೂ, ಆಡಳಿತಕ್ಕೆ ನೆಮ್ಮದಿಯೂ ದೊರೆಯುತ್ತದೆ. ಇದರಿಂದ ಯಾರಿಗೂ ನಷ್ಟವಿಲ್ಲ.

ತಯಾರಕರಿಗೂ ಈ ವಿಷಯ ಸಂಬಂಧಿಸಿದ್ದೇ. ಮಾರ್ಚ್ ಅಂತ್ಯದಲ್ಲಿ ಉತ್ಪಾದನೆ ನಿಲ್ಲಿಸಿದ್ದ ಕಾರ್ಖಾನೆಗಳು ಮೇ ತಿಂಗಳ ಸುಮಾರಿಗೆ ಮತ್ತೆ ಆರಂಭವಾದಾಗ, ವಿಮಾನ ಮತ್ತು ಹೋಟೆಲುಗಳಿಂದ ದೂರ ಉಳಿದ ಜನ ಆರ್‌ವಿ ಕೊಳ್ಳಲು ಮುಗಿಬಿದ್ದರು. 2020ರಲ್ಲಿ 4,30,412 ಇದ್ದ ರವಾನೆ 2021ರಲ್ಲಿ ದಾಖಲೆಯ 6,00,240ಕ್ಕೆ ಏರಿ, 2023ರಲ್ಲಿ 3,13,174ಕ್ಕೆ ಇಳಿಯಿತು. ಈ ಏರಿಳಿತಕ್ಕೆ ಬಡ್ಡಿದರ ಮೊದಲಾದ ಅನೇಕ ಕಾರಣಗಳಿವೆ. ಆದರೂ ವಾಹನ ಮಾರಿದಲ್ಲಿಗೆ ವ್ಯವಹಾರ ಮುಗಿಯುವುದಿಲ್ಲ. ಅದನ್ನು ನಿಲ್ಲಿಸುವ ಸ್ಥಳಕ್ಕೆ ಕಾನೂನಿನ ಭದ್ರತೆ ಇಲ್ಲದಿದ್ದರೆ, ವಾಸಕ್ಕೆಂದು ಅದನ್ನು ಕೊಳ್ಳುವವನ ವಿಶ್ವಾಸ ಹೆಚ್ಚು ಕಾಲ ಉಳಿಯದು.

ಬಳಕೆಯನ್ನು ನೋಡಿ ಆದೇಶ ತಿದ್ದಿಕೊಂಡ ಉದಾಹರಣೆಗಳೂ ಅದೇ ಕಾಲದಲ್ಲಿವೆ. ಪೆನ್ಸಿಲ್ವೇನಿಯಾ ರಾಜ್ಯವು 2020ರ ಮಾರ್ಚ್ 17ರಂದು ಹೆದ್ದಾರಿಯ ವಿಶ್ರಾಂತಿ ತಾಣಗಳನ್ನು ಮುಚ್ಚಿತು. ಲಾರಿ ಚಾಲಕರಿಗೆ ಮಲಗಲು, ಶೌಚಕ್ಕೆ ಸ್ಥಳವಿಲ್ಲದಂತಾಯಿತೆಂಬ ದೂರು ಬಂದ ಕೂಡಲೇ, ಕೆಲವೇ ದಿನಗಳಲ್ಲಿ ಹಲವನ್ನು ತೆರೆಯಿತು. ಭಾರತದಲ್ಲಿಯೂ ಕೇಂದ್ರ ಗೃಹ ಸಚಿವಾಲಯವು 2020ರ ಏಪ್ರಿಲ್ 15ರ ಮಾರ್ಗಸೂಚಿಯಲ್ಲಿ ಹೆದ್ದಾರಿಯ ಢಾಬಾಗಳಿಗೂ ಲಾರಿ ದುರಸ್ತಿ ಅಂಗಡಿಗಳಿಗೂ ಅನುಮತಿ ನೀಡಿತು. ಊರೊಳಗಿನ ಹೋಟೆಲಿಗೂ ಹೆದ್ದಾರಿಯ ಢಾಬಾಕ್ಕೂ ನಾಮಫಲಕ ಒಂದೇ ಆದರೂ ಉಪಯೋಗ ಬೇರೆ ಎಂಬುದನ್ನು ಅದು ಗುರುತಿಸಿತು.

ವಸತಿ ಯಾವುದು, ತಂಗುದಾಣ ಯಾವುದು ಎಂಬ ಪ್ರಶ್ನೆ ಕರ್ನಾಟಕದ ಉದ್ದಿಮೆದಾರರಿಗೂ ಹೊಸದಲ್ಲ. ವಿದ್ಯಾರ್ಥಿಗಳು ಹಾಗೂ ಉದ್ಯೋಗಸ್ಥರ ಹಾಸ್ಟೆಲಿಗೆಂದು ಬಾಡಿಗೆಗೆ ಕೊಟ್ಟ ಕಟ್ಟಡವೂ ವಾಸದ ಮನೆಯೇ ಎಂದು ರಾಜ್ಯದ ಉಚ್ಚ ನ್ಯಾಯಾಲಯವು 2022ರಲ್ಲಿ ಜಿಎಸ್‌ಟಿ ಪ್ರಕರಣವೊಂದರಲ್ಲಿ ಹೇಳಿತು. 2024ರ ಜೂನ್‌ನಲ್ಲಿ ಜಿಎಸ್‌ಟಿ ಮಂಡಳಿಯು, ತಲಾ ತಿಂಗಳಿಗೆ 20,000 ರೂಪಾಯಿ ಮೀರದ, ಸತತ 90 ದಿನಗಳಿಗೆ ಕಡಿಮೆಯಿಲ್ಲದ ವಸತಿ ಸೇವೆಗೆ ವಿನಾಯಿತಿ ನೀಡಲು ಶಿಫಾರಸು ಮಾಡಿತು. ಮೊತ್ತ, ಅವಧಿಗಳನ್ನು ಕುರಿತು ಭಿನ್ನಾಭಿಪ್ರಾಯ ಇರಬಹುದು. ಆದರೆ ಎಷ್ಟು ದಿನ ಇದ್ದರೆ ವಾಸ ಎಂಬ ಸ್ಪಷ್ಟ ಅಳತೆಗೋಲು ದೊರೆತದ್ದು ಮುಖ್ಯ. ಅಮೆರಿಕದ ಕ್ಯಾಂಪ್‌ಗ್ರೌಂಡ್‌ಗಳಿಗೆ ಸಂಕಟದ ದಿನಗಳಲ್ಲಿ ಬೇಕಾಗಿದ್ದುದು ಇಂಥದೇ ಅಳತೆಗೋಲು.

ಇದರಿಂದ ವರ್ತಕರೂ ಅವರ ಸಂಘಗಳೂ ಗ್ರಹಿಸಬೇಕಾದ ಅಂಶಗಳು ಮೂರು. ಮೊದಲನೆಯದಾಗಿ, ಉದ್ದಿಮೆಯ ಪರವಾನಗಿಯಲ್ಲಿ ನಮೂದಾಗುವ ವಿವರಣೆಯು ನಡೆಯುವ ಎಲ್ಲ ವ್ಯವಹಾರಗಳನ್ನೂ ಒಳಗೊಂಡಿರಬೇಕು. ಪಾರ್ಶ್ವ ವ್ಯವಹಾರವೆಂದು ಬಿಟ್ಟದ್ದೇ ಆಪತ್ಕಾಲದಲ್ಲಿ ಆಧಾರವಾಗಬಹುದು. ಎರಡನೆಯದಾಗಿ, ಲಾಡ್ಜ್, ಹಾಸ್ಟೆಲ್, ಪಿಜಿ ನಡೆಸುವವರು ದೀರ್ಘಕಾಲದ ನಿವಾಸಿಗಳ ಪುಸ್ತಕವನ್ನು ದಿನದ ಅತಿಥಿಗಳ ಪುಸ್ತಕದಿಂದ ಬೇರೆಯಾಗಿಡುವುದು ಲೇಸು. ಅಧಿಕಾರಿಯ ಮುಂದೆ ಮಾತಿಗಿಂತ ಪುಸ್ತಕಕ್ಕೆ ಬೆಲೆ ಹೆಚ್ಚು. ಮೂರನೆಯದಾಗಿ, ಯಾವ ಉದ್ದಿಮೆಯನ್ನು ಎಷ್ಟರ ಮಟ್ಟಿಗೆ ಮುಚ್ಚಬಹುದೆಂಬ ಚರ್ಚೆಯನ್ನು ವಾಣಿಜ್ಯ ಸಂಘಗಳು ಜಿಲ್ಲಾಡಳಿತದೊಡನೆ ಶಾಂತಿಯ ಕಾಲದಲ್ಲಿಯೇ ನಡೆಸಿ, ಒಪ್ಪಿದ್ದನ್ನು ಬರಹಕ್ಕೆ ಇಳಿಸಬೇಕು. ರೋಗ ಬಂದ ವಾರದಲ್ಲಿ ಮನವಿ ಹಿಡಿದು ಹೋದವನಿಗೆ ಕಚೇರಿಯ ಬಾಗಿಲೂ ಮುಚ್ಚಿರುವ ಸಂಭವವುಂಟು.

ಜನಾರೋಗ್ಯಕ್ಕಾಗಿ ವ್ಯಾಪಾರವನ್ನು ನಿಲ್ಲಿಸುವ ಅಧಿಕಾರ ಸರ್ಕಾರಕ್ಕೆ ಇರಲೇಬೇಕು. ಅದನ್ನು ವರ್ತಕ ಸಮುದಾಯವು ಗೌರವಿಸುತ್ತಲೂ ಬಂದಿದೆ. ಆದರೆ ಗೇಟಿಗೆ ಬೀಗ ಹಾಕುವ ಮುನ್ನ ಒಳಗೆ ಇರುವವರು ವಿಹಾರಕ್ಕೆ ಬಂದವರೇ, ವಾಸಕ್ಕೆ ನಿಂತವರೇ ಎಂದು ವಿಚಾರಿಸುವ ಹೊಣೆಯೂ ಆ ಅಧಿಕಾರದ ಜೊತೆಗೇ ಇದೆ.