ಅಳಿವೆಯಲ್ಲಿ ಸೈಡ್ ಕೊಡಬೇಕಾದವರು ಯಾರು?

ಸಸಿಹಿತ್ಲುವಿನ ಮರಳ ತುದಿಯಲ್ಲಿ ನಿಂತರೆ ನಂದಿನಿ, ಶಾಂಭವಿ ಎರಡೂ ಕೂಡಿ ಕಡಲು ಸೇರುವುದು ಕಾಣುತ್ತದೆ. ಬೆಳಗಿನ ಹೊತ್ತು ಅಲ್ಲಿ ಎರಡು ಬಗೆಯ ಜನ ಒಂದೇ ನೀರನ್ನು ದಿಟ್ಟಿಸುತ್ತಿರುತ್ತಾರೆ. ಬೋರ್ಡಿನ ಮೇಲೆ ಕಾಲು ಇಳಿಬಿಟ್ಟು ಕೂತ ಸರ್ಫರ್‌ಗಳು ಒಳ್ಳೆಯ ತೆರೆಯೊಂದು ಬರಲಿ ಎಂದು ಕಾಯುತ್ತಾರೆ. ಅವರಿಂದಾಚೆ, ಎಂಜಿನ್ ಸಣ್ಣಗೆ ಇಟ್ಟುಕೊಂಡು ನಿಂತ ನಾಡದೋಣಿಯ ತಾಂಡೇಲ ಅದೇ ತೆರೆ ದಾಟಿಹೋಗಲಿ ಎಂದು ಕಾಯುತ್ತಾನೆ.

ಮೂಲ್ಕಿಯ ಆಶ್ರಮವೊಂದರಿಂದ ಶುರುವಾದ ಸರ್ಫಿಂಗ್ ಹುಚ್ಚು ಈ ಕಡಲಿಗೆ ಈಗ ಹೊಸದೇನಲ್ಲ. 2016ರಲ್ಲಿ ಇಂಡಿಯನ್ ಓಪನ್ ಸ್ಪರ್ಧೆಯೂ ಇದೇ ಮರಳಿನ ಮೇಲೆ ನಡೆಯಿತು. ಬೋರ್ಡುಗಳು ಹೆಚ್ಚಿದಷ್ಟೂ ಒಂದು ಪ್ರಶ್ನೆ ಹತ್ತಿರವಾಗುತ್ತಿದೆ. ದೋಣಿಯೂ ಬೋರ್ಡೂ ಎದುರಾದರೆ ಸೈಡ್ ಕೊಡಬೇಕಾದವರು ಯಾರು?

ಥಟ್ಟನೆ ಬಾಯಿಗೆ ಬರುವ ಉತ್ತರ, ದೋಣಿಯವರು ಎಂದೇ. ಅವರಿಗೆ ಎಂಜಿನ್ ಇದೆ, ನೀರಿನಡಿ ತಿರುಗುವ ಫ್ಯಾನ್ ಇದೆ, ಎದುರಿಗಿರುವುದು ಬರಿಮೈ. ಬಲವಿದ್ದವನು ಸರಿಯಲಿ. ಇನ್ನೊಂದು ಉತ್ತರ ಕರಾವಳಿಯ ಬಾಯಲ್ಲಿ ಸದಾ ಇರುವಂಥದ್ದು: ಅವರದು ಹೊಟ್ಟೆಪಾಡು, ಇವರದು ಮೋಜು, ಮೋಜಿನವರು ಸರಿಯಲಿ. ಎರಡರಲ್ಲೂ ನ್ಯಾಯವಿದೆ, ಆದರೆ ನೀರಿಗಿಳಿದಾಗ ಎರಡೂ ಕೆಲಸಕ್ಕೆ ಬರುವುದಿಲ್ಲ ಎಂಬುದು ನನ್ನ ಅನಿಸಿಕೆ. ಹೊಟ್ಟೆಪಾಡಿನ ಮಾತನ್ನೇ ನೋಡಿ. ಬೋರ್ಡಿನ ಮೇಲಿರುವವನು ದಿನಗೂಲಿಗೆ ಸರ್ಫಿಂಗ್ ಕಲಿಸುವ ಮೀನುಗಾರರ ಮಗನಾಗಿದ್ದರೆ? ಇಲ್ಲೂ, ಚೆನ್ನೈ ಬಳಿಯ ಕೋವಳಂನಲ್ಲೂ ಅಂಥವರಿದ್ದಾರೆ.

ಅಳಿವೆ ಬಾಗಿಲಿನಲ್ಲಿ ಏನಾಗುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನದಿ ತಂದ ಮರಳೂ ಕಡಲು ತಳ್ಳಿದ ಮರಳೂ ಸೇರಿ ಬಾಯಲ್ಲೊಂದು ದಿಣ್ಣೆ ಕಟ್ಟಿರುತ್ತದೆ. ತೆರೆ ಅದರ ಮೇಲೇರಿ ಒಡೆಯುತ್ತದೆ. ಒಳಬರುವ ದೋಣಿ ಹೊರಗೇ ನಿಂತು ತೆರೆಗಳನ್ನು ಎಣಿಸುತ್ತದೆ. ದೊಡ್ಡವೆಲ್ಲ ಹೋದ ಮೇಲೆ ಒಂದರ ಬೆನ್ನು ಹಿಡಿದು ಹೊರಡುತ್ತದೆ. ಆಮೇಲೆ ಅದಕ್ಕೆ ಆಯ್ಕೆಯೆಂಬುದಿಲ್ಲ. ಜೋರು ಮಾಡಿದರೆ ಮುಂದಿನ ತೆರೆಯನ್ನು ದಾಟಿ ಮೂತಿ ನೀರಿಗೆ ಚುಚ್ಚುತ್ತದೆ. ನಿಧಾನಿಸಿದರೆ ಹಿಂದಿನದು ಬಂದು ಹಿಂಬದಿಯನ್ನು ಎತ್ತಿ ದೋಣಿಯನ್ನು ಅಡ್ಡಕ್ಕೆ ತಿರುಗಿಸುತ್ತದೆ. ಅಡ್ಡ ಬಿದ್ದ ದೋಣಿ ಮಗುಚುವುದಕ್ಕೆ ಒಂದು ತೆರೆ ಸಾಕು. ಆ ಅರ್ಧ ನಿಮಿಷ ತಾಂಡೇಲನ ಕೈಯಲ್ಲಿರುವ ಎಂಜಿನ್, ಬಲವಲ್ಲ, ಕಟ್ಟುಪಾಡು. ಅದೇ ಜಾಗದಲ್ಲಿ ಸರ್ಫರ್ ನಾಲ್ಕು ಸಲ ಕೈ ಬೀಸಿದರೆ ಪಕ್ಕಕ್ಕೆ ಸರಿಯಬಲ್ಲ.

ಆಗುಂಬೆ ಘಾಟಿಯಲ್ಲಿ ಬಸ್ಸು ಓಡಿಸುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಇಳಿಯುವ ಗಾಡಿ ನಿಂತು ಏರುವ ಗಾಡಿಗೆ ಜಾಗ ಬಿಡುತ್ತದೆ. ಏರುವವನು ದೊಡ್ಡವನೆಂದಲ್ಲ, ಮೊದಲು ಬಂದನೆಂದೂ ಅಲ್ಲ. ತಿರುವಿನಲ್ಲಿ ನಿಂತರೆ ಅವನಿಗೆ ಮತ್ತೆ ಏರುವುದು ಕಷ್ಟ. ಸರಿಯಬಲ್ಲವನು ಸರಿಯಬೇಕು, ಅಷ್ಟೆ.

ಹಡಗುಗಳು ಡಿಕ್ಕಿಯಾಗದಂತೆ 1972ರಲ್ಲಿ ಒಪ್ಪಿಕೊಂಡ ಅಂತರರಾಷ್ಟ್ರೀಯ ನಿಯಮಗಳ ಒಳದನಿಯೂ ಬಹುಮಟ್ಟಿಗೆ ಇದೇ. ತೆರೆದ ನೀರಿನಲ್ಲಿ ಎಂಜಿನ್ ಹಡಗು ಹಾಯಿ ಹಡಗಿಗೂ ಬಲೆ ಬಿಟ್ಟ ದೋಣಿಗೂ ದಾರಿ ಬಿಡಬೇಕು. ಇಕ್ಕಟ್ಟಾದ ಕಾಲುವೆಯೊಳಗೆ ಮಾತು ಬದಲಾಗುತ್ತದೆ: 20 ಮೀಟರಿಗಿಂತ ಚಿಕ್ಕವು, ಹಾಯಿಯವು, ಆ ಕಾಲುವೆ ಬಿಟ್ಟರೆ ಗತಿಯಿಲ್ಲದ ಹಡಗಿಗೆ ಅಡ್ಡವಾಗಕೂಡದು. ಬಲೆ ಬಿಟ್ಟ ದೋಣಿಯೂ ಅಲ್ಲಿ ಯಾರ ಹಾದಿಗೂ ಅಡ್ಡ ನಿಲ್ಲುವಂತಿಲ್ಲ. ಬೋರ್ಡನ್ನು ಹಡಗೆಂದು ಕರೆಯಬಹುದೇ ಎಂದು ವಕೀಲರು ವಾದಿಸಿಕೊಳ್ಳಲಿ. ನನಗೆ ಮುಖ್ಯವೆನಿಸಿದ್ದು ಇನ್ನೊಂದು. ದಾರಿ ಬಿಡಿಸಿಕೊಳ್ಳುವವನಿಗೂ ಅಲ್ಲಿ ಕರ್ತವ್ಯವಿದೆ: ಅವನು ತನ್ನ ದಿಕ್ಕು, ವೇಗ ಬದಲಿಸದೆ ಸಾಗಬೇಕು, ಎದುರಿನವನೊಬ್ಬನೇ ಸರಿದರೆ ಡಿಕ್ಕಿ ತಪ್ಪದಷ್ಟು ಹತ್ತಿರ ಬಂದಾಗ ತಾನೂ ತಪ್ಪಿಸಿಕೊಳ್ಳಬೇಕು. ಹಾಗಾಗಿ ಗಾಬರಿಬಿದ್ದು ಆಚೆಗೊಮ್ಮೆ ಈಚೆಗೊಮ್ಮೆ ಹೊರಳುವ ಸರ್ಫರ್, ಸುಮ್ಮನೆ ಒಂದೇ ದಿಕ್ಕಿಗೆ ಹೋಗುವವನಿಗಿಂತ ಅಪಾಯಕಾರಿ.

ತೆರೆ ಒಡೆಯುವ ಜಾಗ ಬಿಟ್ಟು ಹೊರಬಂದರೆ ಲೆಕ್ಕ ತಿರುಗುತ್ತದೆ. ಅಲ್ಲಿ ದೋಣಿ ನಿಲ್ಲಬಲ್ಲದು, ತಿರುಗಬಲ್ಲದು. ಕೈಬಲದಲ್ಲಿ ಸಾಗುವವನು ನಿಧಾನ. ನ್ಯೂಜಿಲೆಂಡಿನಲ್ಲಿ ದಡದಿಂದ 200 ಮೀಟರ್ ಒಳಗೆ, ನೀರಲ್ಲಿರುವ ಮನುಷ್ಯನಿಂದ 50 ಮೀಟರ್ ಒಳಗೆ ವೇಗ 5 ನಾಟ್ ಮೀರಬಾರದೆಂದಿದೆ. ವೇಗ ಏರಿದಾಗ ಔಟ್‌ಬೋರ್ಡ್ ದೋಣಿಯ ಮೂತಿ ಮೇಲೇಳುತ್ತದೆ, ಹಿಂದೆ ನಿಂತವನಿಗೆ ಮುಂದಿನದು ಕಾಣುವುದಿಲ್ಲ. ಬೋರ್ಡಿನ ಮೇಲೆ ಮಲಗಿದವನ ತಲೆಯೋ ನೀರಿನಿಂದ ಒಂದು ಅಡಿ ಮೇಲೆ. ಎರಡು ತೆರೆಗಳ ನಡುವಿನ ತಗ್ಗಿನಲ್ಲಿ ಅದೂ ಇಲ್ಲ. ಮೂತಿಯಲ್ಲೊಬ್ಬನನ್ನು ನಿಲ್ಲಿಸದೆ ಹಾಗೆ ನುಗ್ಗುವ ದೋಣಿಗೆ ಯಾವ ಹೊಟ್ಟೆಪಾಡೂ ಸಮರ್ಥನೆಯಾಗದು. ಪ್ರವಾಸಿಗರನ್ನು ಕೂರಿಸಿ ಗಿರಕಿ ಹೊಡೆಯುವ ಜೆಟ್‌ಸ್ಕಿಗಂತೂ ಕೇಳುವುದೇ ಬೇಡ.

2024ರ ಒಲಿಂಪಿಕ್ಸ್ ಸರ್ಫಿಂಗ್ ನಡೆದ ತಾಹಿತಿಯ ತೆಅಹುಪೊದಲ್ಲಿ ದೋಣಿಗಳು ಭಯಂಕರ ತೆರೆಯ ಮಗ್ಗುಲಲ್ಲೇ ನಿಂತಿರುತ್ತವೆ. ಹವಳದ ದಿಬ್ಬದ ನಡುವಿನ ಆಳವಾದ ಕಾಲುವೆಯಲ್ಲಿ ತೆರೆ ಒಡೆಯುವುದಿಲ್ಲ, ಆ ಗೆರೆ ಎಲ್ಲರಿಗೂ ಗೊತ್ತು. ನಮ್ಮ ಅಳಿವೆಯ ತೊಡಕೆಂದರೆ ಗೆರೆ ನಿಂತಲ್ಲಿ ನಿಲ್ಲುವುದಿಲ್ಲ. ಮಳೆಗಾಲ ಕಳೆದರೆ ಮರಳು ಸರಿದು ಕಾಲುವೆಯೇ ಜಾಗ ಬದಲಿಸಿರುತ್ತದೆ. ತೆರೆ ಒಡೆಯದ ಆ ಆಳದ ಹಾದಿ, ಕೈ ಸೋತ ಸರ್ಫರ್‌ಗೆ ಹೊರಹೋಗಲು ಅತಿ ಸುಲಭದ ಹಾದಿಯೂ ಹೌದು. ಹೊಸಬರು ಅಲ್ಲೇ ಸುಧಾರಿಸಿಕೊಳ್ಳಲು ಕೂರುತ್ತಾರೆ. ಈ ವರ್ಷ ಕಾಲುವೆ ಎಲ್ಲಿದೆ ಎಂದು ತಾಂಡೇಲರನ್ನು ಕೇಳಿಕೊಂಡು ಬಂದೇ ಕಲಿಸುವವರು ಬೋರ್ಡು ಬಾಡಿಗೆಗೆ ಕೊಡಬೇಕು.

ಒಮ್ಮೆ ಅಲ್ಲಿ ಹಾಗೆ ಕೂತ ಐದಾರು ಮಂದಿಯನ್ನು ನೋಡುತ್ತಿದ್ದೆ. ಹೊರಗೆ ನಿಂತಿದ್ದ ದೋಣಿಯ ಎಂಜಿನ್ ಸದ್ದು ಏರಿತು. ಊರಿನ ಹುಡುಗನೊಬ್ಬ ಹಿಂದಿರುಗಿಯೂ ನೋಡದೆ ಬೋರ್ಡಿನ ಮೇಲೆ ಮಲಗಿ ತೆಂಕಕ್ಕೆ ಕೈ ಬೀಸತೊಡಗಿದ. ಉಳಿದವರು ಅವನ್ಯಾಕೆ ಹೊರಟ ಎಂದು ಮುಖ ಮುಖ ನೋಡಿಕೊಂಡರು.