ನೆರವೋ, ಸಾಲವೋ?

2024ರ ಅಕ್ಟೋಬರ್‌ನಲ್ಲಿ ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಲ್ಲಿ ಕಾವೇರಿ ಐದನೇ ಹಂತದ ಕುಡಿಯುವ ನೀರಿನ ಯೋಜನೆ ಉದ್ಘಾಟನೆಗೊಂಡಿತು. ಬೆಂಗಳೂರಿನ ಅಂಚಿನ 110 ಹಳ್ಳಿಗಳಿಗಾಗಿ ದಿನಕ್ಕೆ 77.5 ಕೋಟಿ ಲೀಟರ್ ನೀರೊದಗಿಸುವ ಯೋಜನೆಯಿದು. ಇಂತಹ ಯೋಜನೆಗಳ ಸುದ್ದಿಯಲ್ಲಿ 'ಜಪಾನ್ ನೆರವು' ಎಂಬ ಮಾತು ಧಾರಾಳವಾಗಿ ಬಳಕೆಯಾಗುತ್ತದೆ. ಅದೇ ಜಿಲ್ಲೆಯ ಬೆಳ್ಳೂರಿನ ಓದುಗನು ಅದನ್ನು ದಾನವೆಂದು ಭಾವಿಸಿದರೆ ತಪ್ಪು ಆತನದ್ದಲ್ಲ. ಜಪಾನಿನ ಜೈಕಾ ಸಂಸ್ಥೆ ಇದಕ್ಕೆ ಕೊಟ್ಟಿರುವುದು ಬಡ್ಡಿಸಹಿತ ಮರಳಿಸಬೇಕಾದ ಸಾಲ. ಅದರ ಹೊರೆ ಕೊನೆಗೆ ಬೀಳುವುದು ತೆರಿಗೆ ಮತ್ತು ಶುಲ್ಕ ಕಟ್ಟುವ ಜನಸಾಮಾನ್ಯರ ಹೆಗಲಿಗೇ.

ಸಾಮಾಜಿಕ ಜಾಲತಾಣಗಳ ರೀತಿ ಇನ್ನೂ ವಿಚಿತ್ರ. ಅಲ್ಲಿ ತೀರ್ಪು ಹೊರಬೀಳುವುದು ಸಾಲದ ಷರತ್ತು ನೋಡಿಯಲ್ಲ, ಸಾಲಿಗನ ಹೆಸರು ನೋಡಿ. ಜಪಾನ್, ಯುರೋಪ್ ಎಂದರೆ ಸ್ನೇಹ. ಚೀನಾ ಎಂದರೆ ಕುಣಿಕೆ. ಆದರೆ ಬೆಂಗಳೂರಿನ ಗೊಟ್ಟಿಗೆರೆ-ನಾಗವಾರ ಮೆಟ್ರೋ ಮಾರ್ಗವೊಂದಕ್ಕೇ 2017ರಲ್ಲಿ ಯುರೋಪಿಯನ್ ಹೂಡಿಕೆ ಬ್ಯಾಂಕ್ 50 ಕೋಟಿ ಯೂರೋ, ಬೀಜಿಂಗಿನಲ್ಲಿ ಕೇಂದ್ರ ಕಚೇರಿಯುಳ್ಳ ಏಷ್ಯನ್ ಮೂಲಸೌಕರ್ಯ ಹೂಡಿಕೆ ಬ್ಯಾಂಕ್ 33.5 ಕೋಟಿ ಡಾಲರ್ ಸಾಲ ಮಂಜೂರು ಮಾಡಿದವು. ಈ ಎರಡನೆಯ ಬ್ಯಾಂಕಿನಲ್ಲಿ ಚೀನಾದ ನಂತರ ಅತಿ ಹೆಚ್ಚು ಪಾಲಿರುವುದು ಭಾರತಕ್ಕೇ. ಒಂದೇ ಹಳಿಗೆ ಸ್ನೇಹವೂ ಕುಣಿಕೆಯೂ ಸೇರಿ ಹಣ ಹಾಕಿವೆಯೆಂದು ಹೇಳೋಣವೇ?

ವಿದೇಶಿ ಸಾಲವೆಲ್ಲ ಕೆಡುಕೆಂಬುದು ನಮ್ಮ ವಾದವಲ್ಲ. ಬಾಯಾರಿದ ಬಡಾವಣೆಗೆ ನೀರು ಬೇಕೇ ಬೇಕು. ಆದರೆ ಬಡ್ಡಿಯೆಷ್ಟು, ಅವಧಿಯೆಷ್ಟು, ತೀರಿಸುವವರಾರು, ನೀರು ಬಡವನ ಮನೆಗೂ ತಲುಪಿತೇ ಎಂಬ ಪ್ರಶ್ನೆಗಳನ್ನು ಹೊಗಳಿಕೆಯೂ ನುಂಗುತ್ತದೆ, ದ್ವೇಷವೂ ನುಂಗುತ್ತದೆ. ಮೊಬೈಲಿಗೆ ಬಂದ ಸಂದೇಶವನ್ನು ಮತ್ತೊಬ್ಬರಿಗೆ ದಾಟಿಸುವ ಮುನ್ನ ನಮ್ಮ ಮನೆಗಳಲ್ಲಿ ಈ ಪ್ರಶ್ನೆಗಳು ಏಳಲಿ. ಸಾಲ ತೀರಿಸುವ ಜನರಿಗೆ ಲೆಕ್ಕ ಕೇಳುವ ಹಕ್ಕೂ ಇದೆ.