ಹದಿನೆಂಟರ ಗಡಿಯೂ ಜೀವನಾಂಶದ ಬಾಕಿಯೂ

ಪ್ರತಿ ವರ್ಷವೂ ದ್ವಿತೀಯ ಪಿ.ಯು.ಸಿ. ಪರೀಕ್ಷೆಯ ಫಲಿತಾಂಶ ಪ್ರಕಟವಾಗುವ ದಿನಗಳಲ್ಲಿ ನಮ್ಮ ಪಟ್ಟಣಗಳ ಮನೆಮನೆಯಲ್ಲಿಯೂ ಮುಂದಿನ ವಿದ್ಯಾಭ್ಯಾಸದ ಮಾತು ನಡೆಯುತ್ತದೆ. ಯಾವ ಕಾಲೇಜು, ಎಷ್ಟು ಫೀಜು, ಹಾಸ್ಟೆಲಿನ ಖರ್ಚೆಷ್ಟು ಎಂದು ತಂದೆತಾಯಿಗಳು ಕೂಡಿ ಲೆಕ್ಕ ಹಾಕುತ್ತಾರೆ. ಆದರೆ ದಂಪತಿಗಳು ಬೇರೆಯಾಗಿ, ನ್ಯಾಯಸ್ಥಾನದ ಆಜ್ಞೆಯಂತೆ ತಂದೆ ಕೊಡುವ ಜೀವನಾಂಶದಿಂದ ಮಕ್ಕಳು ಬೆಳೆದ ಮನೆಗಳಲ್ಲಿ ಅದೇ ಸಮಯಕ್ಕೆ ಬೇರೊಂದು ಲೆಕ್ಕ ಮುಗಿಯುತ್ತದೆ. ಮಗುವಿಗೆ ಹದಿನೆಂಟು ತುಂಬಿತು. ತಂದೆಯ ಹೊಣೆ ತೀರಿತು. ಖರ್ಚು ಹೆಚ್ಚುವ ಕಾಲಕ್ಕೇ ಹಣ ನಿಲ್ಲುವ ಈ ವಿಪರ್ಯಾಸದ ಕಡೆಗೆ ಶಾಸನಕರ್ತರ ಗಮನವನ್ನು ಸೆಳೆಯುವುದು ನಮ್ಮ ಕರ್ತವ್ಯವೆಂದು ಭಾವಿಸುತ್ತೇವೆ.

ಈ ಗಡಿ ಎಲ್ಲಿಂದ ಬಂದಿತೆಂಬುದನ್ನು ವಾಚಕರು ತಿಳಿಯತಕ್ಕದ್ದು. ಪರರ ಆಳ್ವಿಕೆಯಲ್ಲಿ ಹುಟ್ಟಿದ 1898ರ ದಂಡ ಪ್ರಕ್ರಿಯಾ ಸಂಹಿತೆಯ 488ನೆಯ ಪ್ರಕರಣದಲ್ಲಿ ವಯಸ್ಸಿನ ಮಾತೇ ಇರಲಿಲ್ಲ. ಶಕ್ತನಾದ ತಂದೆಯು ತನ್ನನ್ನು ತಾನು ಪೋಷಿಸಿಕೊಳ್ಳಲಾರದ ಮಗುವನ್ನು ಉಪೇಕ್ಷಿಸಿದರೆ ಮ್ಯಾಜಿಸ್ಟ್ರೇಟರು ತಿಂಗಳ ಮೊಬಲಗನ್ನು ಗೊತ್ತುಮಾಡಬಹುದೆಂದಷ್ಟೆ ಅದು ಹೇಳುತ್ತಿತ್ತು. 1969ರಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ಪ್ರಕರಣವನ್ನು ವಿಮರ್ಶಿಸಿ, ಇಲ್ಲಿ ಮಗು ಎಂದರೆ ಅಪ್ರಾಪ್ತವಯಸ್ಕನೆಂದೇ ಅರ್ಥವಲ್ಲ, ತನ್ನನ್ನು ಪೋಷಿಸಿಕೊಳ್ಳಲಾರದ ಸ್ಥಿತಿಯೇ ನಿಜವಾದ ಅಳತೆ ಎಂದು ಸ್ಪಷ್ಟಪಡಿಸಿತು. ಆದರೆ ನಮ್ಮವರೇ ರಚಿಸಿದ 1973ರ ಸಂಹಿತೆಯ 125ನೆಯ ಪ್ರಕರಣವು ಈ ಅಳತೆಯನ್ನು ಬಿಟ್ಟು ಹುಟ್ಟಿದ ತಾರೀಖನ್ನು ಹಿಡಿಯಿತು. ಅಂಗವೈಕಲ್ಯವೋ ಬುದ್ಧಿವೈಕಲ್ಯವೋ ಇದ್ದ ಹೊರತು ಪ್ರಾಪ್ತವಯಸ್ಕರಾದ ಮಕ್ಕಳಿಗೆ ಅಲ್ಲಿ ಹಕ್ಕಿಲ್ಲ. ಆ ಸಂಹಿತೆಯು ವಿಚ್ಛೇದಿತ ಪತ್ನಿಗೂ ವೃದ್ಧ ತಂದೆತಾಯಿಗಳಿಗೂ ಹೊಸ ಆಸರೆಯನ್ನು ಕಲ್ಪಿಸಿತೆಂಬುದನ್ನು ನಾವು ಮರೆತಿಲ್ಲ. ಆದರೆ ಮಕ್ಕಳ ವಿಷಯದಲ್ಲಿ ಹಿಂದೆ ಸರಿಯಿತೆಂಬುದನ್ನೂ ಮುಚ್ಚಿಡಲಾಗದು.

2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಾದರೂ ಈ ಲೋಪ ಸರಿಹೋಗಬಹುದಾಗಿತ್ತು. ಹಳೆಯ ಆಳರಸರ ಛಾಯೆಯನ್ನು ತೊಡೆದುಹಾಕುವುದಕ್ಕಾಗಿಯೇ ಹೊಸ ಸಂಹಿತೆಗಳನ್ನು ರಚಿಸಿದೆವೆಂದು ಸರ್ಕಾರದವರು ಸಾರಿದ್ದರು. ಆದರೆ 125 ಎಂಬ ಅಂಕೆ 144 ಆಯಿತೇ ಹೊರತು ಮಕ್ಕಳ ಪಾಲಿಗೆ ಗಡಿ ಹಿಂದಿನಂತೆಯೇ ಉಳಿಯಿತು. ಮನೆಯ ಹೆಸರಿನ ಹಲಗೆಯನ್ನು ಬದಲಾಯಿಸಿದ ಮಾತ್ರಕ್ಕೆ ಸೋರುವ ಮಾಡು ದುರಸ್ತಿಯಾಗುವುದಿಲ್ಲ.

ಹಿಂದೂಗಳಿಗೆ 1956ರ ದತ್ತಕ ಮತ್ತು ಜೀವನಾಂಶ ಕಾಯಿದೆಯು ಬೇರೊಂದು ಬಾಗಿಲನ್ನು ತೆರೆದಿದೆಯೆಂದು ಕೆಲವರು ಹೇಳಬಹುದು. ಅದು ಅರ್ಧ ಬಾಗಿಲು. ಮದುವೆಯಾಗದ ಮಗಳು ತನ್ನ ಸಂಪಾದನೆಯಿಂದಾಗಲಿ ಆಸ್ತಿಯಿಂದಾಗಲಿ ಜೀವಿಸಲಾರದಿದ್ದರೆ ಅವಳ ಪೋಷಣೆ ಹದಿನೆಂಟರ ಆಚೆಗೂ ತಂದೆತಾಯಿಗಳ ಹೊಣೆಯೆಂದು 20ನೆಯ ಪ್ರಕರಣ ವಿಧಿಸುತ್ತದೆ. ಈ ಹಕ್ಕನ್ನು 125ನೆಯ ಪ್ರಕರಣದಡಿ ಮ್ಯಾಜಿಸ್ಟ್ರೇಟರಲ್ಲಿ ಕೇಳುವಂತಿಲ್ಲ, 1956ರ ಕಾಯಿದೆಯಡಿಯೇ ಕೇಳಬೇಕೆಂದು ಸರ್ವೋಚ್ಚ ನ್ಯಾಯಾಲಯವು 2020ರ ಸೆಪ್ಟೆಂಬರಿನಲ್ಲಿ ತೀರ್ಮಾನಿಸಿತು. ಎಂದರೆ, ಹತ್ತು ವರ್ಷ ಒಂದು ಮೆಟ್ಟಿಲು ಹತ್ತಿದ ತಾಯಿಮಕ್ಕಳು ಹನ್ನೊಂದನೆಯ ವರ್ಷ ಇನ್ನೊಂದು ಮೆಟ್ಟಿಲನ್ನು ಹುಡುಕಬೇಕು. ಓದುತ್ತಿರುವ ಗಂಡುಮಗನಿಗಂತೂ ಆ ಅರ್ಧ ಬಾಗಿಲೂ ಇಲ್ಲ. 2021ರಲ್ಲಿ ದೆಹಲಿಯ ಉಚ್ಚ ನ್ಯಾಯಾಲಯವು ತಾಯಿಗೆ ಸಲ್ಲುವ ಮೊಬಲಗಿನಲ್ಲಿಯೇ ಪ್ರಾಪ್ತವಯಸ್ಕನಾದ ಮಗನ ಖರ್ಚನ್ನೂ ಗಣಿಸಿ, ಅವನು ಪದವಿ ಮುಗಿಸುವವರೆಗೆ ಅಥವಾ ಗಳಿಸತೊಡಗುವವರೆಗೆ ನೆರವನ್ನು ಒದಗಿಸಿತು. ನ್ಯಾಯಾಧೀಶರ ದಯಾಪರತೆ ಸ್ತುತ್ಯವಾದುದು. ಆದರೆ ಬಳಸುದಾರಿಯಿಂದ ದೊರೆಯುವ ನ್ಯಾಯವು ಎಲ್ಲರ ಪಾಲಿಗೂ ಬರುವುದೆಂಬ ಭರವಸೆ ಎಲ್ಲಿ?

ಹೊಣೆ ಎಂದಿಗೆ ಮುಗಿಯುವುದೆಂಬುದು ಒಂದು ಪ್ರಶ್ನೆ. ಮುಗಿಯುವುದಕ್ಕೆ ಮೊದಲೇ ಉಳಿಸಿಕೊಂಡ ಬಾಕಿ ಇನ್ನೊಂದು. ಆಜ್ಞೆಯನ್ನು ಮೀರಿದ ತಂದೆಯ ಮೇಲೆ ವಾರಂಟು ಹೊರಡಿಸಬಹುದು; ಜುಲ್ಮಾನೆಯಂತೆ ವಸೂಲು ಮಾಡಬಹುದು; ಆಗಲೂ ಕೊಡದಿದ್ದರೆ ಒಂದು ತಿಂಗಳವರೆಗೆ ಸೆರೆಗೆ ಕಳುಹಬಹುದು. ಆದರೆ ಮೊಬಲಗು ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಕೊಡದಿದ್ದರೆ ವಾರಂಟಿನ ದಾರಿ ಮುಚ್ಚಿಹೋಗುತ್ತದೆ. ತಿಂಗಳಿಗೆ 6,000 ರೂಪಾಯಿಯಂತೆ ಹದಿನಾಲ್ಕು ತಿಂಗಳು ಬಾರದಿದ್ದರೆ ಬಾಕಿ 84,000 ರೂಪಾಯಿ. ವಕೀಲರಿಗೆ ಕೊಡಲು ಹಣವಿಲ್ಲದೆ ತಾಯಿ ತಡಮಾಡಿ ಬಂದರೆ ಅದರಲ್ಲಿ 12,000 ರೂಪಾಯಿ ವಾರಂಟಿಗೆ ಹೊರತಾಗುತ್ತದೆ. ತಪ್ಪಿದವನು ತಂದೆ, ಕಾಲಮಿತಿಯ ದಂಡ ತೆರುವವಳು ತಾಯಿ.

ಸೆರೆವಾಸದಿಂದ ಸಾಲ ತೀರುವುದಿಲ್ಲ, ಹಣ ಕೊಟ್ಟರೆ ಮಾತ್ರ ತೀರುತ್ತದೆ ಎಂದು ಸರ್ವೋಚ್ಚ ನ್ಯಾಯಾಲಯವು 1988ರಲ್ಲಿಯೇ ಹೇಳಿದೆ. ಮಗುವಿಗೆ ಹದಿನೆಂಟು ತುಂಬಿದ ಮಾತ್ರಕ್ಕೆ ಅದಕ್ಕೆ ಮೊದಲಿನ ಬಾಕಿ ಮಾಫಿಯಾಗುವುದೂ ಇಲ್ಲ. 2020ರ ನವೆಂಬರಿನಲ್ಲಿ ಅದೇ ನ್ಯಾಯಾಲಯವು ಇಬ್ಬರೂ ತಮ್ಮ ಆಸ್ತಿ ಆದಾಯಗಳನ್ನು ಪ್ರಮಾಣಪತ್ರದಲ್ಲಿ ಬಯಲುಮಾಡಬೇಕೆಂದೂ, ಅರ್ಜಿ ಕೊಟ್ಟ ದಿನದಿಂದಲೇ ಜೀವನಾಂಶ ಸಲ್ಲಬೇಕೆಂದೂ, ಆಜ್ಞೆಯನ್ನು ಸಿವಿಲ್ ಡಿಕ್ರಿಯಂತೆ ಜಾರಿಮಾಡಬಹುದೆಂದೂ ವಿಧಿಸಿತು. ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಪ್ರಕರಣವಂತೂ ಜೀವನಾಂಶದ ಡಿಕ್ರಿಗೆ ಸಂಬಳದ ಮೂರನೆಯ ಒಂದು ಪಾಲನ್ನು ಮಾತ್ರ ರಕ್ಷಿಸಿ ಉಳಿದುದನ್ನು ಜಫ್ತಿಗೆ ಬಿಟ್ಟಿದೆ. ಆದುದರಿಂದ ಆಯುಧಗಳಿಲ್ಲವೆಂದು ಹೇಳುವಂತಿಲ್ಲ. ಆದರೆ ಪ್ರತಿ ಬಾರಿಯೂ ಅವನ್ನು ಎತ್ತಬೇಕಾದ ಕೈ ತಾಯಿಯದು. ಹೊಸ ಅರ್ಜಿ, ಹೊಸ ನೋಟೀಸು, ವಿಳಾಸದಲ್ಲಿ ಆಸಾಮಿಯಿಲ್ಲವೆಂಬ ಷರಾ, ಮುಂದಿನ ತಾರೀಖು; ಪ್ರತಿ ತಾರೀಖಿಗೂ ಒಂದು ದಿನದ ಕೂಲಿ ನಷ್ಟ.

ತಂದೆಯ ಪಕ್ಷದಲ್ಲಿ ಹೇಳಬೇಕಾದುದೂ ಉಂಟು. ನೌಕರಿ ಹೋದವನನ್ನು, ಕಾಯಿಲೆಬಿದ್ದವನನ್ನು ಮೋಸಗಾರನೊಡನೆ ಒಂದೇ ಸಾಲಿನಲ್ಲಿ ನಿಲ್ಲಿಸುವುದು ನ್ಯಾಯವಲ್ಲ. ದಿನಗೂಲಿಯವನನ್ನು ಸೆರೆಗೆ ಹಾಕಿದರೆ ಆ ತಿಂಗಳ ಕೂಲಿಯೂ ಹೋಯಿತು. ಅಂಥವರಿಗಾಗಿಯೇ ಮೊಬಲಗನ್ನು ಮಾರ್ಪಡಿಸುವ ಅವಕಾಶ ಹೊಸ ಸಂಹಿತೆಯ 146ನೆಯ ಪ್ರಕರಣದಲ್ಲಿದೆ. ಅಲ್ಲಿಗೆ ಹೋಗದೆ, ತನ್ನ ತೀರ್ಪನ್ನು ತಾನೇ ಬರೆದುಕೊಂಡು ಹಣ ನಿಲ್ಲಿಸುವವನಿಗೆ ದೂರುವ ಅಧಿಕಾರವಿಲ್ಲ.

ಇತರ ದೇಶಗಳು ಈ ತೊಡಕನ್ನು ಹೇಗೆ ಬಿಡಿಸಿಕೊಂಡಿವೆಯೆಂದು ನೋಡುವುದು ಅನುಚಿತವಲ್ಲ. ಬ್ರಿಟನ್ನಿನಲ್ಲಿ ಹದಿನಾರರ ಮೇಲೂ ಶಾಲಾಮಟ್ಟದ ಶಿಕ್ಷಣದಲ್ಲಿರುವ ಮಗುವಿಗೆ ಇಪ್ಪತ್ತು ತುಂಬುವವರೆಗೆ ಹೊಣೆ ಮುಂದುವರಿಯುತ್ತದೆ. ಬಾಕಿಯನ್ನು ಸರ್ಕಾರದ ಇಲಾಖೆಯೇ ಸಂಬಳದಿಂದ ಮುರಿದುಕೊಳ್ಳಬಲ್ಲುದು. ಅಲ್ಲಿ ಬೆನ್ನಟ್ಟುವ ಕೆಲಸ ತಾಯಿಯೊಬ್ಬಳದೇ ಅಲ್ಲ.

ನಾವು ಸೂಚಿಸುವುದು ಇಷ್ಟೆ. ಮೊದಲನೆಯದಾಗಿ, 144ನೆಯ ಪ್ರಕರಣವನ್ನು ತಿದ್ದಿ, ಗಂಡು ಹೆಣ್ಣು ಮತಗಳ ಭೇದವಿಲ್ಲದೆ, ಮೊದಲ ಪದವಿಯನ್ನಾಗಲಿ ಕಸುಬಿನ ಶಿಕ್ಷಣವನ್ನಾಗಲಿ ಶ್ರದ್ಧೆಯಿಂದ ಮುಂದುವರಿಸುತ್ತಿರುವ ಮಗುವಿಗೆ ತಂದೆತಾಯಿಗಳಿಬ್ಬರ ಶಕ್ತ್ಯನುಸಾರ ನೆರವು ದೊರೆಯುವಂತಾಗಬೇಕು. ಎರಡನೆಯದಾಗಿ, ಸಂಬಳದಾರನ ವಿಷಯದಲ್ಲಿ ಆಜ್ಞೆಯಾದ ದಿನವೇ ಅದರ ಪ್ರತಿ ಅವನ ಕಚೇರಿಗೆ ಹೋಗಿ, ತಿಂಗಳ ಮೊಬಲಗು ಅಲ್ಲಿಯೇ ಮುರಿದು ಬರಬೇಕು. ಮೂರನೆಯದಾಗಿ, ಬಾಕಿಯ ಲೆಕ್ಕವನ್ನು ನ್ಯಾಯಸ್ಥಾನದ ಕಚೇರಿಯೇ ಇಟ್ಟು, ತಪ್ಪಿದ ಕೂಡಲೆ ತಾನಾಗಿ ನೋಟೀಸು ಕಳುಹಬೇಕು. ಒಂದು ವರ್ಷದ ಕಾಲಮಿತಿ ರದ್ದಾಗಬೇಕು. ಇದು ಅಸಾಧ್ಯವೇನಲ್ಲ. ಜೀವನಾಂಶಕ್ಕಿದ್ದ 500 ರೂಪಾಯಿಯ ಮಿತಿಯನ್ನು 2001ರಲ್ಲಿ ಪಾರ್ಲಿಮೆಂಟು ಕಿತ್ತುಹಾಕಲಿಲ್ಲವೆ?

ಅಲ್ಲಿಯವರೆಗೆ, ಹೆಂಗಸರಿಗೂ ಮಕ್ಕಳಿಗೂ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು 1987ರ ಕಾನೂನು ಸೇವೆಗಳ ಕಾಯಿದೆಯಡಿ ದೊರೆಯುವುದೆಂಬ ಸಂಗತಿಯನ್ನು ಅಧಿಕಾರಿಗಳು ಪ್ರತಿ ತಾಲ್ಲೂಕಿನಲ್ಲಿಯೂ ಸಾರಿ ಹೇಳಲಿ. ಗಂಡಹೆಂಡಿರ ಸಂಬಂಧವನ್ನು ನ್ಯಾಯಸ್ಥಾನವು ಬಿಡಿಸಬಲ್ಲುದು. ತಂದೆಮಕ್ಕಳ ಸಂಬಂಧವನ್ನು ಬಿಡಿಸುವ ಡಿಕ್ರಿ ಯಾವ ನ್ಯಾಯಸ್ಥಾನದಲ್ಲಿಯೂ ಇಲ್ಲ. ಕಾಯಿದೆಯೂ ಅದನ್ನು ನೆನಪಿನಲ್ಲಿಟ್ಟು ನಡೆಯಲೆಂದು ನಾವು ಆಶಿಸುತ್ತೇವೆ.